ಏಳನೆಯ ಜಾಗ

ಅಣ್ಣನ ಕೈ ಗಿಡ್ಡ.
ಟ್ರಾಂಬೋನಿನ ಕೊಳವೆ ಮುಂದಕ್ಕೆ ನೂಕಿದರೆ
ಆರನೆಯ ಜಾಗಕ್ಕೆಲ್ಲ ತೋಳು ಮುಗಿದುಹೋಗುತ್ತಿತ್ತು.
ಏಳನೆಯದು ಅಲ್ಲೇ, ಗೇಣಿನಾಚೆ,
ಗವರ್ನಮೆಂಟ್ ಸ್ಟ್ರೀಟಿನ ಬಂಗಲೆಗಳ ಬೇಲಿಯಿಂದ
ಹೊರಗೆ ಬಾಗಿಯೂ ಸಿಗದ ಅಂಜೂರದ ಹಾಗೆ.

ಅವನಿಗಾಗ ಹನ್ನೊಂದು, ನನಗೆ ಎಂಟು.
ಮೊಬೀಲ್ ಬಂದರಿನಲ್ಲಿ ಬಾಳೆಗೊನೆ ಹೊರುತ್ತಿದ್ದ.
ಗೊನೆಗಿಷ್ಟು ಎಂದು ಕೂಲಿ;
ಗೊನೆಯೊಳಗೆ ಹಡಗು ಹತ್ತಿ ಬಂದ ಜೇಡ ಕಚ್ಚಿದರೆ
ಅದು ಪುಕ್ಕಟೆ.
ವಾದ್ಯ ಬಂದದ್ದೂ ಹಾಗೇ, ಕಚ್ಚಿಸಿಕೊಂಡು:
ಡೇವಿಸ್ ಅವೆನ್ಯೂದ ಗಿರವಿ ಅಂಗಡಿ, ಹದಿನಾಲ್ಕು ವಾರದ ಕಂತು,
ಬಾಯಂಚಿನಲ್ಲಿ ನುಗ್ಗು, ಒಳಗೆ
ಸತ್ತವನೊಬ್ಬನ ಉಸಿರಿನ ವಾಸನೆ.
ಅಮ್ಮ ಮೂಸಿ ನೋಡಿ "ಕುದಿಸಬೇಕು" ಅಂದಳು,
ಬಂಗಲೆಯವರ ಹಾಸಿಗೆಬಟ್ಟೆ ಕುದಿಯುವ ಹಂಡೆಯಲ್ಲೇ ಕುದಿಸಿದಳು.
ಆ ವಾರ ಬಿಳಿಯರು ಹಿತ್ತಾಳೆಯ ಮೇಲೆ ಮಲಗಿದರು.

ದಾರ ಕಟ್ಟಿದ್ದು ನಾನು.
ಗೊನೆ ಬಿಗಿಯುವ ಸೆಣಬಿನ ಹುರಿ, ಎರಡು ಮೊಳ,
ಒಂದು ತುದಿ ಕೊಳವೆಗೆ, ಒಂದು ತುದಿ ಅವನ ಬೆರಳಿಗೆ.
ಎಸಿ, ಎಳಕೋ ಅಂದೆ, ಬಾವಿಗೆ ಕೊಡ ಬಿಟ್ಟ ಹಾಗೆ.
ಎಸೆದ.
ತಳದಿಂದ ಬಂತು ಅದು.
ಮೇಜಿನ ಮೇಲಿದ್ದ ಚಮಚಗಳು
ಒಂದನ್ನೊಂದು ಮುಟ್ಟಿ ನೋಡಿಕೊಂಡವು.

ಟ್ರ್ಯಾಮಿನಲ್ಲಿ ಕಂಡಕ್ಟರ್ ಕೇಳಿದ: "ನಿನ್ನ ಜಾಗ ಗೊತ್ತೇನೋ?"
"ಗೊತ್ತು ಸರ್," ಅಂದ ಅಣ್ಣ, "ಒಟ್ಟು ಏಳು."
ಅರ್ಥವಾಗಲಿಲ್ಲ ಅವನಿಗೆ.
ಆಗಿದ್ದರೆ ಈ ಕತೆ ಅಲ್ಲೇ ಇಳಿದುಬಿಡುತ್ತಿತ್ತು.

ಆಮೇಲೆ ತೋಳು ಬೆಳೆಯಿತು. ಹೆಸರೂ.
ಹತ್ತಿ ಗೋದಾಮುಗಳಲ್ಲಿ ಕುಣಿತದ ರಾತ್ರಿಗಳು,
ನೆಲದ ನಟ್ಟನಡುವೆ ಹಗ್ಗ,
ಈಚೆ ನಮ್ಮವರು, ಆಚೆ ಅವರು,
ಹಗ್ಗದ ಬುಡದಲ್ಲಿ ಕುರ್ಚಿ ಹಾಕಿಕೊಂಡು ಷೆರೀಫನ ಬಂಟ.
ಒಂದು ರಾತ್ರಿ, ಸೆಲ್ಮಾದಲ್ಲೋ ಡೆಮೊಪೊಲಿಸ್ಸಿನಲ್ಲೋ,
ಅಣ್ಣ ಏಳನೆಯ ಜಾಗದಲ್ಲಿ ನಿಂತುಬಿಟ್ಟ, ಬಿಡಲೇ ಇಲ್ಲ.
ಹಗ್ಗ ಹರಿಯಿತು ಎಂದು ಎಷ್ಟೋ ವರ್ಷದ ಮೇಲೆ ಪತ್ರಿಕೆಯವರು ಬರೆದರು.
ನಾನಲ್ಲಿದ್ದೆ, ಕೋಟು ಕಾಯುವ ಕೆಲಸಕ್ಕೆ.
ಹರಿಯಲಿಲ್ಲ.
ಎರಡೂ ಕಡೆಯ ಹೊಟ್ಟೆಗಳು ಒತ್ತಿ ಒತ್ತಿ
ಬಿಲ್ಲಿನ ಹೆದೆಯ ಹಾಗೆ ಗುಂಯ್‌ಗುಟ್ಟಿತು, ಅಷ್ಟೆ.
ಅಷ್ಟಕ್ಕೇ ಬಂಟ ಕುರ್ಚಿಯಿಂದ ಎದ್ದ.
ಅಷ್ಟಕ್ಕೇ ನಾವು ಹಿಂಬಾಗಿಲಿಂದ,
ದೀಪ ಆರಿಸಿದ ಕಾರಿನಲ್ಲಿ ಕೌಂಟಿಯ ಗಡಿ ದಾಟಿದೆವು.
ತುಟಿಯ ರಕ್ತ ಒರೆಸಿಕೊಳ್ಳುತ್ತ ಅಣ್ಣ ಕೇಳಿದ:
"ಕೋಟುಗಳನ್ನ ವಾಪಸ್ ಕೊಟ್ಟೆಯಾ?"
ಒಂದು ನನ್ನ ಮೈಮೇಲೇ ಇತ್ತು, ಯಾವಳದೋ, ನರಿಯ ತುಪ್ಪಳದ್ದು.

ಷಿಕಾಗೋ ಅವನನ್ನು ಇಟ್ಟುಕೊಂಡಿತು.
ಅವನಿಗಿಂತ ಮುಂಚೆ ಅವನ ಉಸಿರು ಊರಿಗೆ ಬಂತು,
ಅಂಚೆಯಲ್ಲಿ, ಕರಿಯ ತಟ್ಟೆಯಾಗಿ.
ಲೂಶಸ್ ಪೆಟ್ವೇ ಎನ್ನುವುದನ್ನು
ಲೂಯಿಸ್ ಪೆಟ್ಟಿ ಎಂದು ಅಚ್ಚು ಹಾಕಿದ್ದರು.
ನಮಗೆ ಗ್ರಾಮಫೋನ್ ಇರಲಿಲ್ಲ.
ಅಮ್ಮ ಅದನ್ನು ಕಿವಿಗೆ ಹಿಡಿದಳು, ಶಂಖದ ಹಾಗೆ.
"ಚೆನ್ನಾಗಿದ್ದಾನೆ" ಅಂದಳು.

ಮೊನ್ನೆ ನಗರಸಭೆ ಅವನಿಗೆ ಬೀಗದಕೈ ಕೊಟ್ಟಿತು,
ಗಿಲೀಟಿನದು, ಮೊಳದುದ್ದ.
ಯಾವ ಬಾಗಿಲಿನದು ಅಂತ ಕೇಳಿದ; ಎಲ್ಲರೂ ನಕ್ಕರು,
ಅವನು ನಗಲಿಲ್ಲ.
ಉಳಿಯಲು ಕೊಟ್ಟದ್ದು ಆ ಹೋಟೆಲೇ,
ಅಡುಗೆಮನೆಯ ಬಾಗಿಲಿಂದ ಹೊಕ್ಕು, ಊದಿ,
ಅದೇ ಬಾಗಿಲಿಂದ ಹೊರಬೀಳುತ್ತಿದ್ದದ್ದು.
ರಾತ್ರಿ ಹತ್ತಕ್ಕೆ ನನ್ನ ಕದ ತಟ್ಟಿದ.
"ಅಲ್ಲಿ ದಿಂಬು ಬಹಳ ಮೆತ್ತಗೆ" ಅಂದ.

ಅಡುಗೆಮನೆಯಲ್ಲಿ ಪೆಟ್ಟಿಗೆ ತೆರೆದ.
ಕೀಲು ಹಿಡಿದ ಭುಜ, ಎಪ್ಪತ್ತಮೂರರ ತೋಳು,
ಮತ್ತೆ ಆರಕ್ಕೇ ನಿಂತಿತು.
ನನ್ನ ಕಡೆ ನೋಡಿದ.
ಡ್ರಾಯರಿನಲ್ಲಿ ತಡಕಿದೆ:
ರಬ್ಬರ್ ಬ್ಯಾಂಡು, ಹಳೇ ಕೂಪನ್ನು, ಮೇಣದ ತುಂಡು,
ಪಾರ್ಸಲ್ಲಿನ ದಾರ ಸಿಕ್ಕಿತು.
ಗಂಟು ಹಾಕಲು ಕನ್ನಡಕ ಬೇಕಾಯಿತು ನನಗೆ.
ಮೇಜಿನ ಮೇಲೆ ಚಮಚಗಳು
ಕಾಯುತ್ತಿದ್ದವು.